ಸೋತಿದ್ದು ಮ್ಯಾನೇಜರ್ ಮುಖವೋ, ಮಿಡ್‌ಫೀಲ್ಡೋ?

2016ರ ಆಗಸ್ಟ್ 21. ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಶುರುವಾಗಿ ಆಗಿನ್ನೂ ಎರಡನೇ ವಾರ. ಸನ್‌ಡರ್ಲೆಂಡ್ ತಂಡ ತನ್ನದೇ ಅಂಗಳದಲ್ಲಿ ನೆರೆಯೂರಿನ ಮಿಡಲ್ಸ್‌ಬ್ರೊ ಎದುರು 1–2ರಿಂದ ಸೋತಿತ್ತು. ಈ ವರ್ಷವೂ ಪಟ್ಟಿಯ ತಳದಲ್ಲೇ ಒದ್ದಾಡಬೇಕೇನೋ ಎಂದು ಅಭಿಮಾನಿಗಳು ಹೆದರಿದ್ದಾರೆ ಎಂಬ ಮಾತು ಬಂತು. ಹೊಸ ಮ್ಯಾನೇಜರ್ ಡೇವಿಡ್ ಮೋಯೆಸ್ ಅದನ್ನು ಅಲ್ಲಗಳೆಯಲಿಲ್ಲ. ಹೆದರಿಕೆ ಸರಿಯೇ ಇರಬಹುದು, ನಾಲ್ಕು ವರ್ಷದಿಂದ ಈ ತಂಡ ಇರುವುದೇ ಅಲ್ಲಲ್ಲವೇ ಎಂಬರ್ಥದಲ್ಲಿ ಉತ್ತರಿಸಿದರು. ಇನ್ನೂ 36 ಪಂದ್ಯ ಬಾಕಿ ಇದ್ದವು.

ಆ ಮಾತು ಅವರ ಬೆನ್ನು ಬಿಡಲೇ ಇಲ್ಲ. ಮುಂದಿನ ಮೇ ತಿಂಗಳವರೆಗೆ ಸನ್‌ಡರ್ಲೆಂಡಿನ ಪಬ್ಬು, ಬಸ್ಸು, ಗ್ಯಾಲರಿಗಳಲ್ಲಿ ವಾದ ಅದರ ಸುತ್ತಲೇ ಸುತ್ತಿತು. ಮ್ಯಾನೇಜರೇ ಕೈಚೆಲ್ಲಿದ ಮೇಲೆ ಆಟಗಾರರು ಯಾಕೆ ಮೈಮುರಿದು ಆಡುತ್ತಾರೆ ಎಂದು ಒಂದು ಗುಂಪು ಕೇಳುತ್ತಿತ್ತು. ಹುರುಪಿನ ಮಾತು ಆಮೇಲಿರಲಿ, ಮುಂದೆ ಒಬ್ಬನನ್ನೇ ಬಿಟ್ಟು ಹತ್ತು ಜನ ಹಿಂದೆ ನಿಂತರೆ ಗೋಲು ಎಲ್ಲಿಂದ ಬರಬೇಕು ಎಂದು ಇನ್ನೊಂದು ಗುಂಪು ರೇಗುತ್ತಿತ್ತು. ಇರುವ ತಂಡವೇ ಇಷ್ಟು, ಆ ಮನುಷ್ಯನಾದರೂ ಏನು ಮಾಡಿಯಾನು ಎಂದು ಸುಮ್ಮನಿದ್ದವರೂ ಇದ್ದರು. ಅಂಥವರ ದನಿ ಗ್ಯಾಲರಿಯಲ್ಲಿ ಕೇಳುವುದಿಲ್ಲ.

ನಮ್ಮಲ್ಲಿ ಬಹುಪಾಲು ಜನ ನೋಡುವ ಕ್ರೀಡೆಯಲ್ಲಿ ಹಿಂಬಡ್ತಿ ಎಂಬುದೇ ಇಲ್ಲ. 2017ರಲ್ಲಿ, ಮತ್ತೆ 2019ರಲ್ಲಿ ಆರ್‌ಸಿಬಿ ಪಟ್ಟಿಯ ಕಟ್ಟಕಡೆಯಲ್ಲಿತ್ತು. ಆದರೂ ಮರುವರ್ಷ ಅದೇ ಲೀಗು, ಅದೇ ಚಿನ್ನಸ್ವಾಮಿ, ಅದೇ ಕೊಹ್ಲಿ. ‘ಈ ಸಲ ಕಪ್ ನಮ್ದೇ’ ಎಂದು ಕೂಗಲು ಯಾವ ಅಡ್ಡಿಯೂ ಇರಲಿಲ್ಲ. ಬೆಂಗಳೂರು ಎಫ್‌ಸಿ ಆಡುತ್ತಾ ಬಂದ ಐಎಸ್‌ಎಲ್‌ನಲ್ಲೂ ಕೊನೆಗೆ ಬಿದ್ದವರಿಗೆ ಅವಮಾನವಷ್ಟೇ ಶಿಕ್ಷೆ. ಇಂಗ್ಲೆಂಡಿನಲ್ಲಿ ಹಾಗಲ್ಲ. 20 ತಂಡಗಳು 38 ಪಂದ್ಯಗಳನ್ನಾಡಿ, ಕೊನೆಯ ಮೂರು ತಂಡಗಳು ಕೆಳಗಿನ ದರ್ಜೆಯಾದ ಚಾಂಪಿಯನ್‌ಷಿಪ್‌ಗೆ ಇಳಿಯಬೇಕು. ಇಳಿದರೆ ಟಿ.ವಿ. ಹಣ ಕುಸಿಯುತ್ತದೆ. ಆ ವರ್ಷ ತಳದಲ್ಲಿ ಮುಗಿಸಿದ ಸನ್‌ಡರ್ಲೆಂಡ್‌ಗೂ ಲೀಗಿನ ಪಾಲಾಗಿ 9 ಕೋಟಿ ಪೌಂಡ್‌ಗಿಂತ ಹೆಚ್ಚು ಸಿಕ್ಕಿತ್ತು. ಬಿದ್ದವರು ನೆಲಕ್ಕಪ್ಪಳಿಸದಿರಲಿ ಎಂದು ಕೆಲವು ವರ್ಷ ಕೊಡುವ ದುಡ್ಡಿಗೆ ಪ್ಯಾರಾಚೂಟ್ ಹಣ ಎಂದೇ ಹೆಸರು. ಅದು ವರ್ಷದಿಂದ ವರ್ಷಕ್ಕೆ ಕರಗುತ್ತದೆ. ಒಳ್ಳೆಯ ಆಟಗಾರರು ಗಂಟುಮೂಟೆ ಕಟ್ಟುತ್ತಾರೆ, ಕಚೇರಿಯಲ್ಲಿ ಸಾಮಾನ್ಯ ಸಂಬಳದವರ ಕೆಲಸ ಹೋಗುತ್ತದೆ. ಹೀಗಾಗಿ ಕಪ್ ಗೆಲ್ಲುವ ಪೈಪೋಟಿಗಿಂತ ತಳದ ಪೈಪೋಟಿಯಲ್ಲೇ ಬೈಗುಳ ಜಾಸ್ತಿ, ಕಣ್ಣೀರೂ ಜಾಸ್ತಿ.

ಊರಿನ ಹಿನ್ನೆಲೆಯನ್ನೂ ಸ್ವಲ್ಪ ಹೇಳಬೇಕು. ಸನ್‌ಡರ್ಲೆಂಡ್ ಇರುವುದು ಇಂಗ್ಲೆಂಡಿನ ಈಶಾನ್ಯದಲ್ಲಿ, ವೇರ್ ನದಿ ಸಮುದ್ರ ಸೇರುವ ಕಡೆ. ಒಂದು ಕಾಲಕ್ಕೆ ಹಡಗು ಕಟ್ಟುವುದರಲ್ಲಿ ಎತ್ತಿದ ಕೈ. ಕೊನೆಯ ಹಡಗುಕಟ್ಟೆಗಳು 1988ರಲ್ಲಿ ಮುಚ್ಚಿದವು. ಮಂಕ್‌ವೇರ್‌ಮೌತ್ ಕಲ್ಲಿದ್ದಲ ಗಣಿ 1993ರ ಕೊನೆಗೆ ಮುಚ್ಚಿತು. ಅದೇ ಗಣಿಯ ಜಾಗದ ಮೇಲೆ 1997ರಲ್ಲಿ ಎದ್ದದ್ದು ಸುಮಾರು 49 ಸಾವಿರ ಜನ ಹಿಡಿಯುವ ‘ಸ್ಟೇಡಿಯಂ ಆಫ್ ಲೈಟ್’. ಅದರ ಹೊರಗೆ ಗಣಿ ಕಾರ್ಮಿಕರು ಒಯ್ಯುತ್ತಿದ್ದ ಡೇವಿ ದೀಪದ ದೊಡ್ಡ ಪ್ರತಿಕೃತಿ ನಿಲ್ಲಿಸಿದ್ದಾರೆ. ಇಂಥ ಊರಲ್ಲಿ ‘ಆಟಗಾರರು ಬೆವರು ಸುರಿಸುತ್ತಿಲ್ಲ’ ಎಂಬುದಕ್ಕಿಂತ ದೊಡ್ಡ ದೂರು ಇನ್ನೊಂದಿಲ್ಲ. ಸೋಲನ್ನು ಕ್ಷಮಿಸಿಯಾರು, ಸೋಮಾರಿತನವನ್ನಲ್ಲ. ಮೋಯೆಸ್ ಕಾಲದ ಆ ಕೆಟ್ಟ ವರ್ಷದಲ್ಲೂ ಪಂದ್ಯಕ್ಕೆ ಬಂದವರ ಸರಾಸರಿ 40 ಸಾವಿರ ದಾಟಿತ್ತು.

ಅದಕ್ಕೂ ಹಿಂದಿನ ನಾಲ್ಕು ವರ್ಷ ಈ ತಂಡ ಮುಳುಗುವ ಕೊನೇ ಗಳಿಗೆಯಲ್ಲಿ ತಲೆ ಎತ್ತುವ ಚಾಳಿ ಬೆಳೆಸಿಕೊಂಡಿತ್ತು. ಪ್ರತಿ ಸಲವೂ ಹೊಸ ಮ್ಯಾನೇಜರ್, ಪ್ರತಿ ಸಲವೂ ಬಚಾವು. ಹುರುಪಿನ ಪರವಾಗಿ ವಾದಿಸುವವರಿಗೆ ಪುರಾವೆ ಸಿಕ್ಕಿದ್ದು ಇಲ್ಲೇ.

2013ರ ಮಾರ್ಚ್ ಕೊನೆಗೆ ಪಾವ್ಲೊ ಡಿ ಕಾನಿಯೊ ಬಂದರು. ಇಟಲಿಯ ಈ ಮನುಷ್ಯ ಮೈತುಂಬ ಬೆಂಕಿ. ಎರಡು ವಾರದಲ್ಲಿ ಕಡುವೈರಿ ನ್ಯೂಕಾಸಲ್ ತಂಡವನ್ನು ಅವರ ಮನೆಯಲ್ಲೇ 3–0ಯಿಂದ ಬಡಿದಾಗ ಅವರು ಸೂಟು ಬೂಟು ಹಾಕಿಕೊಂಡೇ ಮಂಡಿಯ ಮೇಲೆ ಹುಲ್ಲಿನ ಮೇಲೆಲ್ಲ ಜಾರಿದರು. ತಂಡ ಉಳಿಯಿತು, ಊರು ಕುಣಿಯಿತು. ಆದರೆ ಮುಂದಿನ ಋತುವಿನ ಮೊದಲ ಐದು ಲೀಗ್ ಪಂದ್ಯಗಳಲ್ಲಿ ಸಿಕ್ಕಿದ್ದು ಒಂದೇ ಅಂಕ. ಸೆಪ್ಟೆಂಬರ್‌ನಲ್ಲಿ ವೆಸ್ಟ್ ಬ್ರಾಮ್ ಎದುರು 3–0ಯಿಂದ ಸೋತ ಮೇಲೆ ಡಿ ಕಾನಿಯೊ ಒಬ್ಬರೇ ತಮ್ಮ ಅಭಿಮಾನಿಗಳಿದ್ದ ಗ್ಯಾಲರಿ ಕಡೆ ನಡೆದು ಹೋದರು. ಕೆಲವೇ ಗಜ ದೂರದಲ್ಲಿ ನಿಂತು, ಜನ ಬೈಯುತ್ತಿದ್ದರೆ ಇವರು ಗದ್ದಕ್ಕೆ ಕೈ ಹಚ್ಚಿ, ತಲೆ ಎತ್ತಿ ನಿಲ್ಲಿ ಎಂದು ಸನ್ನೆ ಮಾಡುತ್ತಿದ್ದರು. ಮರುದಿನ ಕೆಲಸ ಹೋಯಿತು. ಅದೇ ಕೂಗಾಟ, ಅದೇ ಶಿಸ್ತು, ಅದೇ ಬೆಂಕಿ. ಏಪ್ರಿಲ್‌ನಲ್ಲಿ ಅದು ಸ್ಫೂರ್ತಿ, ಸೆಪ್ಟೆಂಬರ್‌ನಲ್ಲಿ ದಬ್ಬಾಳಿಕೆ.

ನಂತರ ಬಂದವರು ಉರುಗ್ವೆಯ ಗಸ್ ಪೊಯೆಟ್. ಮೋಯೆಸ್ ವಾದಕ್ಕೆ ಇವರ ಕಥೆಯೇ ಮುಖ್ಯ. 2014ರ ಏಪ್ರಿಲ್‌ನಲ್ಲಿ ಸನ್‌ಡರ್ಲೆಂಡ್ ಪಟ್ಟಿಯ ತಳದಲ್ಲಿತ್ತು, ದಡ ಏಳು ಅಂಕ ದೂರ. ಪೊಯೆಟ್ ಮುಚ್ಚುಮರೆಯಿಲ್ಲದೆ, ಇನ್ನು ಪವಾಡವೇ ನಡೆಯಬೇಕು ಎಂದರು. ಮೋಯೆಸ್ ಆಡಿದ್ದಕ್ಕಿಂತ ಎಷ್ಟೋ ನಿರಾಶೆಯ ಮಾತು ಅದು. ಆಮೇಲೆ ಆದದ್ದೇನು? ಮ್ಯಾಂಚೆಸ್ಟರ್ ಸಿಟಿ ಅಂಗಳದಲ್ಲಿ 2–2 ಡ್ರಾ. ಚೆಲ್ಸಿ ಅಂಗಳದಲ್ಲಿ 2–1 ಗೆಲುವು. ಆ ಮೈದಾನದಲ್ಲಿ ಜೋಸೆ ಮೊರಿನ್ಯೊ ಚೆಲ್ಸಿ ಮ್ಯಾನೇಜರಾಗಿ ಅದಕ್ಕೂ ಮುಂಚೆ 77 ಲೀಗ್ ಪಂದ್ಯಗಳಲ್ಲಿ ಒಂದನ್ನೂ ಸೋತಿರಲಿಲ್ಲ. ಕಾರ್ಡಿಫ್ ಎದುರು 4–0. ಮ್ಯಾಂಚೆಸ್ಟರ್ ಯುನೈಟೆಡ್ ಅಂಗಳದಲ್ಲಿ 1–0. ವೆಸ್ಟ್ ಬ್ರಾಮ್ ಎದುರು 2–0. ಪವಾಡ ಬೇಕೆಂದ ಮ್ಯಾನೇಜರ್ ಪವಾಡವನ್ನೇ ತಂದುಕೊಟ್ಟಿದ್ದರು.

ಹಾಗಾದರೆ ಬಾಯಿಮಾತಿಗೆ ಬೆಲೆಯೇ ಇಲ್ಲವೇ? ಇದೆ, ಆದರೆ ಅದನ್ನು ಯಾವಾಗ ಆಡಿದರು ಎಂಬುದರ ಮೇಲೆ. ಏಪ್ರಿಲ್‌ನಲ್ಲಿ ಅಂಕಪಟ್ಟಿಯೇ ಸತ್ಯ ಹೇಳಿಬಿಟ್ಟಿರುತ್ತದೆ, ಮ್ಯಾನೇಜರ್ ಅದನ್ನು ಒಪ್ಪಿಕೊಂಡರೆ ಆಟಗಾರರ ತಲೆಭಾರ ಇಳಿಯುತ್ತದೆ. ಆಗಸ್ಟ್‌ನಲ್ಲಿ ಪಟ್ಟಿಗೆ ಇನ್ನೂ ಬಾಯಿ ಬಂದಿರುವುದಿಲ್ಲ. ಸೀಸನ್ ಟಿಕೆಟ್‌ಗೆ ದುಡ್ಡು ಕಟ್ಟಿ ಬಂದವನಿಗೆ ಎರಡನೇ ವಾರದಲ್ಲೇ ಅಂಥ ಮಾತು ಹೇಳುವುದು ಪ್ರಾಮಾಣಿಕತೆ ಎಂದು ನನಗನ್ನಿಸುವುದಿಲ್ಲ, ಮುಂದಿನ ಸೋಲಿಗೆ ಈಗಲೇ ಜಾಮೀನು ಪಡೆಯುವುದು ಅನ್ನಿಸುತ್ತದೆ. ಈ ಒಂದು ವಿಷಯದಲ್ಲಿ ನಾನು ಗ್ಯಾಲರಿಯ ಕಡೆಯವನು. ಉಳಿದ ವಿಷಯಗಳಲ್ಲಿ ಅಷ್ಟು ಸುಲಭವಾಗಿ ಪಕ್ಷ ವಹಿಸಲಾರೆ.

ಏಕೆಂದರೆ ಗ್ಯಾಲರಿಯಲ್ಲಿ ಕೂತವರಿಗೆ ವಾರವಿಡೀ ನಡೆಯುವ ತರಬೇತಿ ಕಾಣುವುದಿಲ್ಲ. ಕರಾರು ಪತ್ರ ಕಾಣುವುದಿಲ್ಲ, ವೈದ್ಯರ ವರದಿ ಕಾಣುವುದಿಲ್ಲ. ಕಾಣುವುದು ಗೆರೆಯಾಚೆ ನಿಂತ ಮ್ಯಾನೇಜರ್ ಮುಖ, ಮತ್ತು ಆಟಗಾರರ ಓಟ. ಮುಖ ಸಪ್ಪೆಯಾಗಿದ್ದರೆ ಹುರುಪಿಲ್ಲ. ಓಟ ಕಡಿಮೆಯಾದರೆ ಮನಸ್ಸಿಲ್ಲ. ಇಷ್ಟರಲ್ಲೇ ತೀರ್ಪು.

ಆ ವರ್ಷದ ಸನ್‌ಡರ್ಲೆಂಡ್ ಆಟವನ್ನೇ ಹತ್ತಿರದಿಂದ ನೋಡೋಣ. ಮುಂದೆ ಇದ್ದವರು ಜರ್ಮೇನ್ ಡೆಫೊ. 34 ವರ್ಷ ವಯಸ್ಸು, ಗಿಡ್ಡ ಆಳು. ಪೆನಾಲ್ಟಿ ಚೌಕದೊಳಗೆ ಕಾಲಿಗೆ ಚೆಂಡು ಸಿಕ್ಕರೆ ಸಾಕು, ಅರ್ಧ ಅವಕಾಶವನ್ನೂ ಗೋಲು ಮಾಡುವ ಚತುರ. ಆ ಋತುವಿನಲ್ಲಿ ತಂಡ ಹೊಡೆದ 29 ಲೀಗ್ ಗೋಲುಗಳಲ್ಲಿ 15 ಅವರದೇ. ಆದರೆ ಆರಡಿ ಮೀರಿದ ಇಬ್ಬರು ಡಿಫೆಂಡರ್‌ಗಳ ನಡುವೆ ಎತ್ತರದಿಂದ ಬರುವ ಚೆಂಡನ್ನು ಎದೆಗೊಟ್ಟು ನಿಲ್ಲಿಸಿಕೊಳ್ಳುವುದು ಅವರ ಆಟವಲ್ಲ. ಗೋಲ್‌ಕೀಪರ್ ಜೋರ್ಡನ್ ಪಿಕ್‌ಫರ್ಡ್ ಉದ್ದಕ್ಕೆ ಒದೆಯುತ್ತಾರೆ, ಚೆಂಡು ಡೆಫೊ ತಲೆಯ ಮೇಲಿಂದ ಹೋಗಿ ಎದುರಾಳಿ ಪಾಲಾಗುತ್ತದೆ, ಮುಂದಕ್ಕೆ ಹೊರಟಿದ್ದ ಮಿಡ್‌ಫೀಲ್ಡರ್‌ಗಳು ಅರ್ಧ ದಾರಿಯಿಂದ ಹಿಂದಕ್ಕೆ ಓಡಬೇಕು. ಹೀಗೆ ಇಪ್ಪತ್ತು ಸಲ ಆದ ಮೇಲೆ ಇಪ್ಪತ್ತೊಂದನೇ ಸಲ ಯಾರೂ ಮುಂದಕ್ಕೆ ಹೊರಡುವುದಿಲ್ಲ. ಗ್ಯಾಲರಿಗೆ ಅದು ಕಾಣುವುದು ಸೋಮಾರಿತನವಾಗಿ. ನಿಜದಲ್ಲಿ ಅದು ಲೆಕ್ಕಾಚಾರ. ಹೋದರೂ ಪ್ರಯೋಜನವಿಲ್ಲ ಎಂದು ಕಾಲುಗಳಿಗೆ ಗೊತ್ತಾಗಿಬಿಟ್ಟಿರುತ್ತದೆ.

ಲೀಗಿನ ಮೊದಲ 10 ಪಂದ್ಯಗಳಲ್ಲಿ ಸಿಕ್ಕಿದ್ದು 2 ಅಂಕ ಮಾತ್ರ. ನವೆಂಬರ್ 5ರಂದು ಬೋರ್ನ್‌ಮತ್ ಅಂಗಳದಲ್ಲಿ ಮೊದಲ ಗೆಲುವು ಬಂತು. ಅಲ್ಲಿಂದ ಏಳು ಲೀಗ್ ಪಂದ್ಯಗಳಲ್ಲಿ ನಾಲ್ಕು ಗೆಲುವು: ಬೋರ್ನ್‌ಮತ್, ಹಲ್, ಹಾಲಿ ಚಾಂಪಿಯನ್ ಲೆಸ್ಟರ್, ವಾಟ್‌ಫರ್ಡ್. ಇಡೀ ವರ್ಷದಲ್ಲಿ ತಂಡ ಗೆದ್ದದ್ದು ಆರು ಪಂದ್ಯ, ಅದರಲ್ಲಿ ನಾಲ್ಕು ಈ ಆರು ವಾರಗಳಲ್ಲಿ. ಆಗ ಮೋಯೆಸ್ ಮುಖವೇನೂ ಬದಲಾಗಿರಲಿಲ್ಲ. ಬದಲಾದದ್ದು ಡೆಫೊ ಪಕ್ಕದ ಆಳು. ವಿಕ್ಟರ್ ಅನಿಚಿಬೆ ಎಂಬ ಭಾರಿ ಮೈಕಟ್ಟಿನ ಸ್ಟ್ರೈಕರ್. ಹಳೆಯ ಕ್ಲಬ್ ಕೈಬಿಟ್ಟ ಮೇಲೆ ಕೆಲಸವಿಲ್ಲದೆ ಇದ್ದವರನ್ನು ಸೆಪ್ಟೆಂಬರ್‌ನಲ್ಲಿ ಪುಕ್ಕಟೆ ಕರೆತಂದಿದ್ದರು. ಅವರು ಮಾಡಿದ್ದಿಷ್ಟು: ಉದ್ದಕ್ಕೆ ಬಂದ ಚೆಂಡಿಗೆ ಬೆನ್ನು ಕೊಟ್ಟು, ಡಿಫೆಂಡರನ್ನು ಹಿಂದಕ್ಕೆ ಒತ್ತಿ ಹಿಡಿದು, ಮೂರು ಸೆಕೆಂಡು ನಿಲ್ಲುವುದು. ಆ ಮೂರು ಸೆಕೆಂಡಿನಲ್ಲಿ ಮಿಡ್‌ಫೀಲ್ಡ್ 20 ಗಜ ಮೇಲೆ ಬರುತ್ತಿತ್ತು, ಡೆಫೊ ಚೌಕದೊಳಗೆ ನುಸುಳುತ್ತಿದ್ದರು. ನಿನ್ನೆಯವರೆಗೆ ಮನಸ್ಸಿಲ್ಲದೆ ಆಡುತ್ತಿದ್ದಾರೆ ಎನಿಸಿಕೊಂಡವರೆಲ್ಲ ಇವತ್ತು ಹಸಿದ ಹುಲಿಗಳು! ಬಾವಿಯಲ್ಲಿ ನೀರಿದ್ದರೆ ಎತ್ತಿಗೂ ಕಪಿಲೆ ಎಳೆಯುವ ಉಮೇದು ಬರುತ್ತದೆ.

ಹೊಸ ವರ್ಷದ ಸುಮಾರಿಗೆ ಅನಿಚಿಬೆ ಗಾಯಗೊಂಡರು. ಹಳೆಯ ಕಥೆ ಮತ್ತೆ ಶುರುವಾಯಿತು. ಇಲ್ಲಿಗೆ ಬಂದಾಗ ಮಾತ್ರ ತಂತ್ರದ ಬಗ್ಗೆ ಕೂಗಾಡಿದವರ ಮಾತಿನಲ್ಲಿ ಹುರುಳಿದೆ. ಅನಿಚಿಬೆ ಇಲ್ಲದಾಗ ಆಡುವ ಬೇರೊಂದು ಬಗೆ ಮೋಯೆಸ್ ಬಳಿ ಇದ್ದಂತೆ ಕಾಣಲಿಲ್ಲ. ಹಿಂದಿನ ವರ್ಷ ತಂಡವನ್ನು ಉಳಿಸಿದ ವಹಬಿ ಖಜ್ರಿ ತಿಂಗಳುಗಟ್ಟಲೆ ಬೆಂಚಿನ ಮೇಲೆ ಕೂತಿದ್ದರು. ಫೆಬ್ರವರಿ 11ರಿಂದ ಏಪ್ರಿಲ್ 9ರವರೆಗೆ ಆಡಿದ ಏಳು ಲೀಗ್ ಪಂದ್ಯಗಳಲ್ಲಿ ತಂಡ ಒಂದೇ ಒಂದು ಗೋಲು ಹೊಡೆಯಲಿಲ್ಲ. ಏಪ್ರಿಲ್ 15ರಂದು ವೆಸ್ಟ್ ಹ್ಯಾಮ್ ಎದುರು ಕೊನೆಗೂ ಖಜ್ರಿಯನ್ನು ಮೊದಲ ಹನ್ನೊಂದರಲ್ಲಿ ಇಳಿಸಿದರು. ಅವರು ಒದ್ದ ಕಾರ್ನರ್ ಕಿಕ್ ಯಾರಿಗೂ ತಾಗದೆ ಸುತ್ತಿಕೊಂಡು ನೇರ ಗೋಲಿನೊಳಗೆ ಹೋಯಿತು. ಆ ಗಳಿಗೆಯಲ್ಲಿ ಗ್ಯಾಲರಿಯಲ್ಲಿದ್ದ ಪ್ರತಿಯೊಬ್ಬನೂ ತನ್ನನ್ನೇ ಮ್ಯಾನೇಜರ್ ಮಾಡಬೇಕಿತ್ತು ಎಂದುಕೊಂಡಿರಬೇಕು. ಆದರೆ ಆ ಹೊತ್ತಿಗೆ ಊರು ಕೊಳ್ಳೆ ಹೋಗಿಯಾಗಿತ್ತು. ಏಪ್ರಿಲ್ 29ರಂದು ಬೋರ್ನ್‌ಮತ್ ತಂಡದ ಜೋಶುವಾ ಕಿಂಗ್ 88ನೇ ನಿಮಿಷದಲ್ಲಿ ಹೊಡೆದ ಒಂದೇ ಗೋಲು, ಅದೇ ದಿನ ಹಲ್ ತಂಡಕ್ಕೆ ಸಿಕ್ಕ ಡ್ರಾ. ನಾಲ್ಕು ಪಂದ್ಯ ಬಾಕಿ ಇರುವಾಗಲೇ ಹತ್ತು ವರ್ಷಗಳ ಪ್ರೀಮಿಯರ್ ಲೀಗ್ ಬದುಕು ಮುಗಿಯಿತು. ಕೊನೆಗೆ ಉಳಿದದ್ದು 24 ಅಂಕ. ಮೇ 22ರಂದು ಮೋಯೆಸ್ ರಾಜೀನಾಮೆ ಕೊಟ್ಟರು.

ನಡುವೆ ಮ್ಯಾನೇಜರನ್ನು ಬದಲಿಸಿದ್ದರೆ? ಅಭಿಮಾನಿಗಳು ಈಗಲೂ ಕೇಳುವ ಪ್ರಶ್ನೆ. ಆ ವರ್ಷದ ಲೀಗು ಈ ಪ್ರಶ್ನೆಗೆ ಹೇಳಿ ಮಾಡಿಸಿದ ಪ್ರಯೋಗಶಾಲೆಯಂತಿತ್ತು. ಕೆಳಗಿನ ಸಾಲಿನಲ್ಲಿ ಒದ್ದಾಡಿದ ಸ್ವಾನ್ಸಿ, ಕ್ರಿಸ್ಟಲ್ ಪ್ಯಾಲೆಸ್, ಲೆಸ್ಟರ್, ಹಲ್, ಮಿಡಲ್ಸ್‌ಬ್ರೊ ಐದೂ ತಂಡಗಳು ನಡುವೆಯೇ ಮ್ಯಾನೇಜರನ್ನು ಕಳಿಸಿದವು. ಸ್ವಾನ್ಸಿ ಎರಡು ಸಲ ಕಳಿಸಿತು. ಮೊದಲ ಮೂರು ಉಳಿದವು, ಹಲ್ ಮತ್ತು ಮಿಡಲ್ಸ್‌ಬ್ರೊ ಮುಳುಗಿದವು. ಬದಲಿಸದ ಸನ್‌ಡರ್ಲೆಂಡೂ ಮುಳುಗಿತು. ಯಾವ ವಾದಕ್ಕೆ ಬೇಕಾದರೂ ಇದರಲ್ಲಿ ಪುರಾವೆ ಹೆಕ್ಕಬಹುದು.

ಪ್ಯಾಲೆಸ್ ಉಳಿಸಿದವರು ಯಾರು ಎನ್ನುವುದು ಸನ್‌ಡರ್ಲೆಂಡಿಗರ ಗಾಯಕ್ಕೆ ಉಪ್ಪು. ಸ್ಯಾಮ್ ಅಲರ್ಡೈಸ್! 2015–16ರಲ್ಲಿ ಸನ್‌ಡರ್ಲೆಂಡನ್ನು ಕೊನೆಯ 11 ಪಂದ್ಯಗಳಲ್ಲಿ ಒಂದೇ ಸೋಲಿನೊಂದಿಗೆ ದಡ ಮುಟ್ಟಿಸಿದವರು ಅವರೇ. ಅದನ್ನೂ ಬರೀ ಭಾಷಣದಿಂದ ಮಾಡಿದ್ದಲ್ಲ. ಜನವರಿಯಲ್ಲಿ ಖಜ್ರಿ, ಯಾನ್ ಕಿರ್ಶಾಫ್, ಲಮಿನ್ ಕೊನೆ ಎಂಬ ಮೂವರನ್ನು ತಂದು ಬೆನ್ನೆಲುಬೇ ಇಲ್ಲದ ತಂಡಕ್ಕೆ ಬೆನ್ನೆಲುಬು ಕೂರಿಸಿದರು. ಜುಲೈನಲ್ಲಿ ಇಂಗ್ಲೆಂಡ್ ತಂಡ ಅವರನ್ನು ಕರೆದುಕೊಂಡಿತು. ಅಲ್ಲಿ ಒಂದೇ ಪಂದ್ಯ, 67 ದಿನ. ಇತ್ತ ಲೀಗ್ ಶುರುವಾಗಲು ಮೂರು ವಾರ ಇರುವಾಗ ಮೋಯೆಸ್ ಬಂದರು. ಬಂದು ನೋಡಿದರೆ ಕಿರ್ಶಾಫ್ ಗಾಯಾಳು, ಲಮಿನ್ ಕೊನೆ ಎವರ್ಟನ್‌ಗೆ ಹೋಗಬೇಕೆಂದು ಹಟ ಹಿಡಿದವರು. ಮೋಯೆಸ್ ತಾವು ಹಿಂದೆ ನಡೆಸಿದ್ದ ಎವರ್ಟನ್, ಮ್ಯಾಂಚೆಸ್ಟರ್ ಯುನೈಟೆಡ್ ತಂಡಗಳ ಹಳಬರನ್ನೇ ಒಬ್ಬೊಬ್ಬರಾಗಿ ಕರೆಸಿಕೊಂಡರು. ಪಿಯೆನಾರ್, ಅನಿಚಿಬೆ, ಲೆಸ್ಕಾಟ್, ಗಿಬ್ಸನ್, ಒವಿಯೆಡೊ. ಹಳೆಯ ವಿದ್ಯಾರ್ಥಿಗಳ ಸಂಘದ ವಾರ್ಷಿಕೋತ್ಸವಕ್ಕೆ ಸಾಕಾಗುವಷ್ಟು ಜನ.

ಲೆಸ್ಟರ್ ಕಥೆ ಇನ್ನೂ ಸ್ವಾರಸ್ಯದ್ದು. 2016ರಲ್ಲಿ ಜಗತ್ತೇ ಬೆರಗಾಗುವಂತೆ ಲೀಗ್ ಗೆದ್ದ ತಂಡ, ಒಂಬತ್ತೇ ತಿಂಗಳಲ್ಲಿ ಹಿಂಬಡ್ತಿಯ ಅಂಚಿಗೆ ಬಂದಿತ್ತು. 2017 ಹುಟ್ಟಿದ ಮೇಲೆ ಲೀಗಿನಲ್ಲಿ ಒಂದೂ ಗೋಲಿಲ್ಲ. ಫೆಬ್ರವರಿ 23ರಂದು ಕ್ಲಾಡಿಯೊ ರನಿಯೇರಿ ತಲೆದಂಡವಾಯಿತು. ನಾಲ್ಕು ದಿನ ಬಿಟ್ಟು ಸಹಾಯಕ ಕ್ರೇಗ್ ಶೇಕ್ಸ್‌ಪಿಯರ್ ಕೈಕೆಳಗೆ ಅದೇ ತಂಡ ಲಿವರ್‌ಪೂಲ್ ತಂಡವನ್ನು 3–1ರಿಂದ ಸೋಲಿಸಿತು. ಮೈದಾನಕ್ಕಿಳಿದವರಲ್ಲಿ ಹತ್ತು ಮಂದಿ ಚಾಂಪಿಯನ್ ತಂಡದವರೇ. ಆಟಗಾರರು ಬೇಕೆಂದೇ ರನಿಯೇರಿಗೆ ಕೈಕೊಟ್ಟರು ಎಂದು ಇಡೀ ದೇಶ ಕೆಂಡ ಕಾರಿತು. ಶೇಕ್ಸ್‌ಪಿಯರ್ ಸತತ ಐದು ಲೀಗ್ ಪಂದ್ಯ ಗೆದ್ದಾಗ ಆ ಮಾತು ವೇದವಾಕ್ಯವೇ ಆಯಿತು. ಐದನೆಯ ಗೆಲುವು ಸನ್‌ಡರ್ಲೆಂಡ್ ಮೇಲೆ ಎಂಬುದನ್ನು ಬೇರೆ ಹೇಳಬೇಕೇ!

ಆದರೆ ಆ ಹತ್ತು ಮಂದಿಯ ಆಚೆಗಿನ ಹನ್ನೊಂದನೆಯವನ ಬಗ್ಗೆ ಯಾರೂ ಅಷ್ಟಾಗಿ ಮಾತಾಡಲಿಲ್ಲ. ಎನ್‌ಗೊಲೊ ಕಾಂಟೆ ಹಿಂದಿನ ಬೇಸಿಗೆಯಲ್ಲೇ ಚೆಲ್ಸಿಗೆ ಹೋಗಿದ್ದರು, ಆ ವರ್ಷ ಚೆಲ್ಸಿ ಲೀಗ್ ಗೆದ್ದಿತು. ಎದುರಾಳಿಯ ಕಾಲಿನಿಂದ ಚೆಂಡು ಕಿತ್ತು ತರುತ್ತಿದ್ದ ಆತ ಇರುವಾಗ ಲೆಸ್ಟರ್‌ನ ಉಳಿದವರೆಲ್ಲ ಧೈರ್ಯವಾಗಿ ಮುನ್ನುಗ್ಗುತ್ತಿದ್ದರು. ಆತ ಹೋದ ಮೇಲೆ ಅದೇ ಜನ ಹಿಂದೆ ಮುಂದೆ ನೋಡತೊಡಗಿದರು. ಲೆಸ್ಟರ್‌ನ ಹುರುಪು ಎಂಬುದರಲ್ಲಿ ದೊಡ್ಡ ಪಾಲು ಟಿಕೆಟ್ ತೆಗೆಸಿಕೊಂಡು ಲಂಡನ್‌ಗೆ ಹೋಗಿತ್ತು. ಜನವರಿಯಲ್ಲಿ ಬಂದ ವಿಲ್‌ಫ್ರೆಡ್ ಎನ್‌ಡಿಡಿ ಆ ಜಾಗದಲ್ಲಿ ನಿಧಾನವಾಗಿ ಕಾಲೂರಿದರು, ಶೇಕ್ಸ್‌ಪಿಯರ್ ತಂಡವನ್ನು ಹಳೆಯ ಒತ್ತುವ ಆಟಕ್ಕೆ ಮರಳಿಸಿದರು. ಮುಂದಿನ ಋತುವಿನ ಮೊದಲ ಎಂಟು ಲೀಗ್ ಪಂದ್ಯಗಳಲ್ಲಿ ಒಂದನ್ನಷ್ಟೇ ಗೆದ್ದಾಗ ಅಕ್ಟೋಬರ್‌ನಲ್ಲಿ ಶೇಕ್ಸ್‌ಪಿಯರ್ ಅವರನ್ನೂ ಮನೆಗೆ ಕಳಿಸಿದರು. ಆಗ ಹುರುಪು ಎಲ್ಲಿ ಹೋಗಿತ್ತು ಎಂದು ಯಾರೂ ಕೇಳಲಿಲ್ಲ.

ನೆದರ್ಲೆಂಡ್ಸ್‌ನ ಅರ್ಥಶಾಸ್ತ್ರಜ್ಞ ಬಾಸ್ ಟರ್ ವೀಲ್ ತಮ್ಮ ದೇಶದ ಲೀಗಿನ 1986ರಿಂದ 2004ರವರೆಗಿನ ಫಲಿತಾಂಶಗಳನ್ನು ಗುಡ್ಡೆ ಹಾಕಿಕೊಂಡು ಕೂತಿದ್ದರು. ಸೋಲಿನ ಸರಣಿಗೆ ಸಿಕ್ಕಿ ಮ್ಯಾನೇಜರನ್ನು ಕಿತ್ತ ತಂಡಗಳು ಸ್ವಲ್ಪ ದಿನದಲ್ಲಿ ಚೇತರಿಸಿಕೊಂಡವು, ನಿಜ. ಆದರೆ ಅಷ್ಟೇ ಕೆಟ್ಟದಾಗಿ ಸೋಲುತ್ತಿದ್ದೂ ಮ್ಯಾನೇಜರನ್ನು ಉಳಿಸಿಕೊಂಡ ತಂಡಗಳೂ ಹೆಚ್ಚುಕಡಿಮೆ ಅಷ್ಟೇ ಚೇತರಿಸಿಕೊಂಡಿದ್ದವು. ತಳ ಮುಟ್ಟಿದ ತಂಡ ಒಂದಿಷ್ಟು ಮೇಲೇಳುವುದು ಸಹಜ. ಆ ಹೊತ್ತಿಗೆ ಕುರ್ಚಿಯಲ್ಲಿ ಯಾರು ಕೂತಿರುತ್ತಾರೋ ಅವರಿಗೆ ಹಾರ. ಇದನ್ನು ಪಬ್ಬಿನಲ್ಲಿ ಹೇಳಿದರೆ ಯಾರೂ ಕೇಳುವುದಿಲ್ಲ, ಕೇಳಬೇಕೆಂದೂ ನಾನು ಹೇಳುವುದಿಲ್ಲ. ಶನಿವಾರ ಸೋತು ಮನೆಗೆ ಹೋಗುವವನಿಗೆ ಸರಾಸರಿಯ ಪಾಠ ಬೇಡ.

ಮತ್ತೆ, ಮ್ಯಾನೇಜರ್ ಯಾರಾದರೂ ಒಂದೇ ಎಂದು ಇದರ ಅರ್ಥವೂ ಅಲ್ಲ. ಹುಮ್ಮಸ್ಸೇ ಇಲ್ಲದವರು ಎನಿಸಿಕೊಂಡ ಮೋಯೆಸ್ ಮುಂದೆ ಏನಾದರು ನೋಡಿ. 2017ರ ನವೆಂಬರ್‌ನಲ್ಲಿ ವೆಸ್ಟ್ ಹ್ಯಾಮ್‌ಗೆ ಹೋಗಿ ಅದನ್ನು ಹಿಂಬಡ್ತಿಯಿಂದ ಉಳಿಸಿದರು, ಕ್ಲಬ್ಬು ಥ್ಯಾಂಕ್ಸ್ ಹೇಳಿ ಕಳಿಸಿತು. 2019ರ ಡಿಸೆಂಬರ್‌ನಲ್ಲಿ ಮತ್ತೆ ಕರೆಯಿತು, ಮತ್ತೆ ಉಳಿಸಿದರು. 2021ರಲ್ಲಿ ಆರನೇ ಸ್ಥಾನ, ಮರುವರ್ಷ ಏಳನೆಯದು. 2022–23ರಲ್ಲಿ ತಂಡ ಮತ್ತೆ ತಳಕ್ಕೆ ಜಾರಿದಾಗ ಅವರನ್ನು ಓಡಿಸಿ ಎಂಬ ಕೂಗೆದ್ದಿತು. ಅದೇ ಋತುವಿನ ಕೊನೆಗೆ, 2023ರ ಜೂನ್ 7ರಂದು ಪ್ರಾಗ್‌ನಲ್ಲಿ ಫಿಯೊರೆಂಟಿನಾ ತಂಡವನ್ನು 2–1ರಿಂದ ಮಣಿಸಿ ವೆಸ್ಟ್ ಹ್ಯಾಮ್ ಯುರೋಪಾ ಕಾನ್ಫರೆನ್ಸ್ ಲೀಗ್ ಎತ್ತಿತು. ಓಡಿಸಿ ಎಂದಿದ್ದ ಬಾಯಿಗಳೇ ಅವರ ಹೆಸರು ಹಾಡಿದವು. 2025ರ ಜನವರಿಯಲ್ಲಿ ಎವರ್ಟನ್ ಅವರನ್ನು ಹಿಂದಕ್ಕೆ ಕರೆಸಿಕೊಂಡಿತು. ಆಗ ತಂಡ 16ನೇ ಸ್ಥಾನದಲ್ಲಿ ಏದುಸಿರು ಬಿಡುತ್ತಿತ್ತು, ಮುಗಿಸಿದ್ದು 13ನೇ ಸ್ಥಾನದಲ್ಲಿ. ವೆಸ್ಟ್ ಹ್ಯಾಮ್‌ನಲ್ಲಿ ಅವರ ಕೈಯಲ್ಲಿ ಡೆಕ್ಲನ್ ರೈಸ್ ಇದ್ದರು, ಜರೋಡ್ ಬೊವೆನ್ ಇದ್ದರು. ಸನ್‌ಡರ್ಲೆಂಡಿನಲ್ಲಿ ಇದ್ದದ್ದು ಡೆಫೊ, ಮೂರು ತಿಂಗಳ ಅನಿಚಿಬೆ, ಮತ್ತು ದಿನಕ್ಕೆ ಹತ್ತಾರು ಸಲ ಮೈಚಾಚಿ ಚೆಂಡು ತಡೆಯುತ್ತಿದ್ದ ಪಿಕ್‌ಫರ್ಡ್.

ಸನ್‌ಡರ್ಲೆಂಡಿನ ರೋಗ ಒಬ್ಬ ಮ್ಯಾನೇಜರ್ ಮುಖದ್ದಲ್ಲ ಎನ್ನಲು ಇನ್ನೊಂದು ಲೆಕ್ಕವಿದೆ. 2016ರ ಡಿಸೆಂಬರ್ 17ರಂದು ವಾಟ್‌ಫರ್ಡ್ ವಿರುದ್ಧ ಗೆದ್ದ ಮೇಲೆ ಆ ತಂಡ ತನ್ನ ಅಂಗಳದಲ್ಲಿ ಮತ್ತೆ ಗೆದ್ದದ್ದು 2017ರ ಡಿಸೆಂಬರ್ 16ರಂದು, ಫುಲಮ್ ಎದುರು. ವರ್ಷ ತುಂಬಲು ಒಂದೇ ದಿನ ಕಡಿಮೆ. ಈ 364 ದಿನಗಳಲ್ಲಿ ಮೋಯೆಸ್ ಹೋದರು, ಸೈಮನ್ ಗ್ರೇಸನ್ ಬಂದು ಹೋದರು, ಕ್ರಿಸ್ ಕೋಲ್ಮನ್ ಬಂದರು. ಲೀಗಿನ ದರ್ಜೆಯೂ ಬದಲಾಯಿತು. ಮೂರು ಬಗೆಯ ಸ್ವಭಾವ, ಮೂರು ಬಗೆಯ ತಂತ್ರ, ಫಲಿತಾಂಶ ಮಾತ್ರ ಒಂದೇ.

ಅಭಿಮಾನಿಗಳು ಹುರುಪೋ ತಂತ್ರವೋ ಎಂದು ಕಚ್ಚಾಡುತ್ತಿದ್ದಾಗ ನಿಜವಾದ ಪೆಟ್ಟು ಬಿದ್ದದ್ದು ಕರಾರು ಬರೆಯುವ ಮೇಜಿನಲ್ಲಿ. ಮಾಲೀಕ ಎಲಿಸ್ ಶಾರ್ಟ್ ಕಾಲದಲ್ಲಿ ಕ್ಲಬ್ಬಿನ ಸಾಲ 10 ಕೋಟಿ ಪೌಂಡ್ ಮೀರಿತ್ತು. ಹೊಸ ಮ್ಯಾನೇಜರ್ ಬಂದಾಗಲೆಲ್ಲ ಹೊಸ ಆಟಗಾರರು, ಅವರು ಹೋದ ಮೇಲೂ ಆ ಆಟಗಾರರ ಸಂಬಳ. ತಂಡ ಕೆಳಗಿಳಿದರೆ ಪುಕ್ಕಟೆಯಾಗಿ ಬೇರೆಡೆ ಹೋಗಬಹುದು ಎಂಬ ಷರತ್ತು ಡೆಫೊ ಕರಾರಿನಲ್ಲಿತ್ತು. 15 ಗೋಲು ಹೊಡೆದ ಆಟಗಾರ ಒಂದು ಪೌಂಡೂ ತರದೆ ಹೊರಟು ಹೋದರು. ಹೋದದ್ದಾದರೂ ಎಲ್ಲಿಗೆ, ಸನ್‌ಡರ್ಲೆಂಡನ್ನು ಕೆಳಗೆ ತಳ್ಳಿದ ಬೋರ್ನ್‌ಮತ್‌ಗೆ. ಪಿಕ್‌ಫರ್ಡ್‌ನನ್ನು ಎವರ್ಟನ್‌ಗೆ ಮಾರಿ ಬಂದ ಹಣವೊಂದೇ ಸಮಾಧಾನ.

ಇತ್ತ 2014ರಲ್ಲಿ ಮ್ಯಾಂಚೆಸ್ಟರ್ ಸಿಟಿಯಿಂದ ಕೊಂಡ ಜಾಕ್ ರಾಡ್‌ವೆಲ್ ಉಳಿದರು. ಅವರು ಮೊದಲ ಹನ್ನೊಂದರಲ್ಲಿದ್ದ ಲೀಗ್ ಪಂದ್ಯವೊಂದನ್ನು ಸನ್‌ಡರ್ಲೆಂಡ್ ಗೆದ್ದದ್ದು ಮೊದಲ ಬಾರಿಗೆ 2017ರ ಫೆಬ್ರವರಿ 4ರಂದು, ಪ್ಯಾಲೆಸ್ ಅಂಗಳದಲ್ಲಿ, 4–0ಯಿಂದ. ಆಟಗಾರನ ತಪ್ಪೆನ್ನಲು ಬರುವುದಿಲ್ಲ, ಗಾಯಗಳೂ ಕಾಡಿದ್ದವು, ಕೊಟ್ಟ ಕರಾರಿಗೆ ಸಹಿ ಹಾಕಿದ್ದರು ಅಷ್ಟೆ. ವರದಿಗಳ ಪ್ರಕಾರ ವಾರಕ್ಕೆ 70 ಸಾವಿರ ಪೌಂಡ್. ತಂಡ ಹಿಂಬಡ್ತಿ ಪಡೆದರೆ ಸಂಬಳ ಇಳಿಯಬೇಕು ಎಂಬ ಸಾಲು ಉಳಿದ ಬಹುತೇಕರ ಕರಾರಿನಲ್ಲಿತ್ತು, ಅವರದರಲ್ಲಿ ಇರಲಿಲ್ಲ. ಹೀಗಾಗಿ ಚಾಂಪಿಯನ್‌ಷಿಪ್‌ನಲ್ಲಿ ಆಡುವ ತಂಡ, ಆಡದ ಆಟಗಾರನಿಗೆ ಪ್ರೀಮಿಯರ್ ಲೀಗ್ ಸಂಬಳ ಕೊಡುತ್ತಾ ಹೋಯಿತು. ಅವರ ಕರಾರು ರದ್ದಾದದ್ದು 2018ರ ಜೂನ್‌ನಲ್ಲಿ. ಅಷ್ಟರಲ್ಲಿ ಸನ್‌ಡರ್ಲೆಂಡ್ ಇನ್ನೂ ಒಂದು ಮೆಟ್ಟಿಲು ಇಳಿದು ಮೂರನೇ ದರ್ಜೆ ಸೇರಿತ್ತು. ಅಲ್ಲಿಂದ ಮತ್ತೆ ಪ್ರೀಮಿಯರ್ ಲೀಗ್ ಹತ್ತಲು 2025ರ ಮೇ ತಿಂಗಳವರೆಗೆ ಕಾಯಬೇಕಾಯಿತು.